ಎರಡಿಂಚಿನ ಹರಕೆ

ಆ ಶುಕ್ರವಾರ ಬೆಳಗ್ಗೆ ಗಾಳಿ ತಿರುಗಿತ್ತು. ಇಪ್ಪತ್ತು ದಿನಗಳಿಂದ ಬಾಣಲೆಯ ಹಾಗೆ ಕಾದಿದ್ದ ಬೀದಿಯ ಮೇಲೆ ತೆಳ್ಳನೆಯ ಮೋಡ ಹರಡಿಕೊಂಡು, ಬಾಗಿಲ ಸಂದಿಯಿಂದ ತಂಪು ಒಳಗೆ ಇಣುಕಿ, ಗೋಡೆಯ ಕ್ಯಾಲೆಂಡರಿನ ಹಾಳೆಯನ್ನು ಒಮ್ಮೆ ಎತ್ತಿ ನೋಡಿ ಮತ್ತೆ ಇಳಿಸಿತು. ಮಳೆ ಬರುವಂತಿರಲಿಲ್ಲ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಕಳಿಸಿದಂತಿತ್ತು, ಅಷ್ಟೆ. ಇಂಥ ಬೆಳಗನ್ನು ಕೊಟ್ಟ ದೇವರಿಗೆ ದರ್ಜಿ ಹಾಸಿಗೆಯಲ್ಲೇ ಕೂತು ಕೈ ಮುಗಿದ. ಮುಗಿದ ಕೈ ಇಳಿಸಿದಾಗ ಅದು ಹೊಟ್ಟೆಯ ಮೇಲೆ ಬಂದು ನಿಂತಿತು. ಆಗ ನೆನಪಾಯಿತು, ಇವತ್ತು ಕೊನೆಯ ಅಳತೆಯ ದಿನ.

ಕೈಯಲ್ಲಿ ಕಸುಬು, ಮನೆಯಲ್ಲಿ ಹೆಂಡತಿ, ಮಡಿಲಿಗೆ ಎರಡು ಹೆಣ್ಣುಮಕ್ಕಳು, ಇಷ್ಟನ್ನೂ ದೇವರು ಅವನಿಗೆ ಕೇಳದೆಯೇ ಕೊಟ್ಟಿದ್ದ. ಹೊಟ್ಟೆಯನ್ನು ಮಾತ್ರ ಅವನೇ ಸಂಪಾದಿಸಿದ್ದು. ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತು, ಕಾಲಿಗಷ್ಟೇ ಕೆಲಸ ಕೊಟ್ಟು, ಉಳಿದ ದೇಹವನ್ನು ಅದರ ಪಾಡಿಗೆ ಬಿಟ್ಟಿದ್ದ. ಎರಡು ತಿಂಗಳ ಹಿಂದೆ ತಲೆಸುತ್ತು ಬಂತೆಂದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅವನ ಸೊಂಟಕ್ಕೆ ಟೇಪು ಸುತ್ತಿ ನೋಡಿದರು. ಊರವರ ಸೊಂಟವನ್ನೆಲ್ಲ ಅಳೆದವನಿಗೆ ತನ್ನ ಸೊಂಟವನ್ನು ಇನ್ನೊಬ್ಬರು ಅಳೆಯುವಾಗ ಯಾಕೋ ನಾಚಿಕೆಯಾಯಿತು.

"ನಲವತ್ತಿದೆ," ಅಂದರು ಡಾಕ್ಟರಮ್ಮ. "ಸಕ್ಕರೆ ಕಾಯಿಲೆ ನಿಮ್ಮ ಮನೆ ಬಾಗಿಲಲ್ಲೇ ನಿಂತಿದೆ. ಇನ್ನೂ ಒಳಗೆ ಬಂದಿಲ್ಲ. ಸೊಂಟದಿಂದ ಎರಡಿಂಚು ತೆಗೀರಿ, ಎರಡು ತಿಂಗಳು ಟೈಮ್ ಕೊಡ್ತೀನಿ. ಇಲ್ಲಾಂದ್ರೆ ಮಾತ್ರೆ ಶುರು ಮಾಡೋಣ. ದಿನಾ ಬೆಳಗ್ಗೆ ನಡೀರಿ."

ಆಗ ಅವನ ತೊಡೆಯ ಮೇಲೆ ಆರು ವರ್ಷದ ಕಿರಿಯ ಮಗಳು ಕೂತಿದ್ದಳು. ಡಾಕ್ಟರಮ್ಮನ ಒಂದೊಂದು ಮಾತನ್ನೂ ಅಪ್ಪನಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಿಸಿಕೊಂಡವಳು ಅವಳೇ.

ನಡೆಯುವುದೆಂದರೆ ದರ್ಜಿಗೆ ಅಷ್ಟಕ್ಕಷ್ಟೆ. ಮಕ್ಕಳಿಗೆ ಅದೇ ಒಳ್ಳೆಯ ಸಮಯವಾಯಿತು. ಹಾಲಿನಂಗಡಿಯ ನಾಯಿ ಮರಿ ಹಾಕಿತ್ತು. ನಾಯಿ ಬೇಕೆಂದು ಒಂದು ವರ್ಷದಿಂದ ಅಮ್ಮನ ಸೆರಗು ಹಿಡಿದು ಸುತ್ತುತ್ತಿದ್ದ ಇಬ್ಬರೂ ಈಗ ಅಪ್ಪನ ಆರೋಗ್ಯದ ಕಡೆಯಿಂದ ಬಂದರು. ಅಮ್ಮ ಅಂಗಿಗೆ ಕಾಜಾ ಮಾಡುತ್ತ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ತೀರ್ಪು ಕೊಟ್ಟಳು.

"ಸರಿ. ನಾಯಿ ಬಂದ್ರೆ ನಿಮ್ಮಪ್ಪ ನಡೀತಾರೆ. ನಡೆದ್ರೆ ಎರಡಿಂಚು ಇಳೀಬೇಕು. ಇಳಿದ್ರೆ ನಾಯಿ ಇಲ್ಲೇ ಇರ್ಲಿ. ಇಳೀಲಿಲ್ಲ ಅಂದ್ರೆ ಅದರ ಕೂದಲು ಗುಡಿಸೋ ಕರ್ಮ ನಂಗ್ಯಾಕೆ? ಎರಡು ತಿಂಗಳು ಆದ ದಿನ ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್."

ಹೀಗೆ ಒಂದು ಬಿಳಿ ಮರಿ ಮನೆಗೆ ಬಂತು. ಹಣೆಯ ಮೇಲೆ ಅಂಗಿಗೆ ಹೊಲಿದಂಥ ಒಂದು ಕಪ್ಪು ಚುಕ್ಕೆ ಇದ್ದುದರಿಂದ ಅದಕ್ಕೆ ಗುಂಡಿ ಎಂದು ಹೆಸರಾಯಿತು. ಮೊದಲ ವಾರ ಗುರುತು ಹಾಕುವ ಸೀಮೆಸುಣ್ಣ ತಿಂದಿತು. ಎರಡನೆಯ ವಾರ ಬ್ಯಾಂಕಿನ ಗುಮಾಸ್ತನ ಅಂಗಿಯ ಕಾಲರು. ಅಮ್ಮ ಕಂಡಾಗೆಲ್ಲ ಬೈದಳು. ಬೈಯುತ್ತಲೇ ಚೂರು ಬಟ್ಟೆಗಳನ್ನೆಲ್ಲ ಸೇರಿಸಿ ಅದಕ್ಕೊಂದು ಮೆತ್ತೆ ಹೊಲಿದಳು. "ವಾಪಸ್ ಕೊಡೋವಾಗ ಬರೀ ನೆಲದ ಮೇಲೆ ಮಲಗಿಸಿದ್ರು ಅನ್ಬಾರದಲ್ಲ," ಎಂದು ಯಾರೂ ಕೇಳದೆಯೇ ಕಾರಣವನ್ನೂ ಹೇಳಿದಳು.

ದರ್ಜಿ ದಿನಾ ಬೆಳಗ್ಗೆ ಐದೂವರೆಗೆ ಏಳತೊಡಗಿದ. ಏಳದೆ ವಿಧಿಯಿರಲಿಲ್ಲ, ಗುಂಡಿ ಅವನ ಕಿವಿ ನೆಕ್ಕುತ್ತಿತ್ತು. ಇಬ್ಬರೂ ಬೀದಿಯ ತುದಿ ದಾಟಿ, ಬೇಕರಿ ದಾಟಿ, ಕೆರೆಯ ಏರಿಯವರೆಗೆ ಹೋಗಿ ಬರುತ್ತಿದ್ದರು. ನೋಡಿದವರಿಗೆ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ಸುಲಭಕ್ಕೆ ತಿಳಿಯುತ್ತಿರಲಿಲ್ಲ. ಆದರೂ ಏರಿಯ ಮೇಲೆ ನಿಂತು ನೀರಿನಲ್ಲಿ ಬೆಳಕು ಹುಟ್ಟುವುದನ್ನು ನೋಡುವಾಗ ದರ್ಜಿಗೆ, ಇಷ್ಟು ವರ್ಷ ದೇವರು ದಿನವೂ ಇಷ್ಟು ದೊಡ್ಡ ಬಟ್ಟೆಗೆ ಬಣ್ಣ ಹಾಕುತ್ತಿದ್ದಾಗ ನಾನು ಮುಸುಕು ಹೊದ್ದು ಮಲಗಿದ್ದೆನಲ್ಲ ಎನಿಸುತ್ತಿತ್ತು.

ಶುಕ್ರವಾರಕ್ಕೊಮ್ಮೆ ಅಳತೆ. ಒಂಬತ್ತು ವರ್ಷದ ಹಿರಿಯ ಮಗಳು ಅದರ ಅಧಿಕಾರಿ. ಅಪ್ಪ ಅವಳಿಗಿಟ್ಟ ಹೆಸರು ಇನ್‌ಸ್ಪೆಕ್ಟರಮ್ಮ. ದರ್ಜಿ ತನ್ನ ಕೊರಳಿನ ಟೇಪನ್ನು ತೆಗೆದು, ಹಿತ್ತಾಳೆ ಟೊಪ್ಪಿಗೆಯ ತುದಿಯನ್ನು ಹೊಕ್ಕುಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುತ್ತಿಕೊಳ್ಳುತ್ತಿದ್ದ. ಹೊಟ್ಟೆಯ ಗುಡ್ಡ ಅಡ್ಡ ಬಂದು ಅವನಿಗೆ ಅಂಕಿ ಕಾಣುತ್ತಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಬಗ್ಗಿ ಓದಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಕೆಂಪು ಪೆನ್ಸಿಲಿನಿಂದ ಬರೆಯುತ್ತಿದ್ದಳು. ನಲವತ್ತಿದ್ದದ್ದು ಮೂರು ವಾರಕ್ಕೆ ಮೂವತ್ತೊಂಬತ್ತೂವರೆ ಆಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಿಧಾನವಾದರೂ ಇಳಿಯುತ್ತಿದೆ.

ನಾಲ್ಕನೆಯ ಶುಕ್ರವಾರ ನಲವತ್ತೊಂದು ಬಂತು.

ಇನ್‌ಸ್ಪೆಕ್ಟರಮ್ಮ ಎರಡು ಸಲ ಓದಿದಳು. ಹೆಂಡತಿ ಬಂದು ಕನ್ನಡಕ ಹಾಕಿಕೊಂಡು ಮೂರನೆಯ ಸಲ ಓದಿದಳು. ಆಮೇಲೆ ಗಂಡನ ಮುಖವನ್ನೇ ಒಂದು ಕ್ಷಣ ನೋಡಿದಳು.

"ರೀ, ನೀವು ನಡೀತಿರೋದು ಕೆರೆಗೋ ಬೇಕರಿಗೋ?"

ದರ್ಜಿ ಅವಸರದಿಂದ ಟೇಪು ಬಿಚ್ಚತೊಡಗಿದ. ಯಾಕೆಂದರೆ ಆ ವಾರವೇ, ಮಂಗಳವಾರ, ಗುಂಡಿ ಬೇಕರಿಯ ಮುಂದೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತ್ತು. ಎಳೆದರೆ ಬರಲಿಲ್ಲ, ಗದರಿದರೆ ಕೇಳಲಿಲ್ಲ. ಅದನ್ನು ಒಲಿಸಲು ಒಂದು ಕ್ರೀಮ್ ಬನ್ನು ಕೊಂಡ. ಅರ್ಧ ನಾಯಿಗೆ ಕೊಟ್ಟ. ಉಳಿದರ್ಧ ಕೈಯಲ್ಲಿತ್ತು. ಬೀದಿ ಖಾಲಿಯಿತ್ತು. ಅನ್ನ ಎಸೆಯುವುದು ಪಾಪ ಎಂದು ತನಗೆ ತಾನೇ ಹೇಳಿಕೊಂಡು ಬಾಯಿಗೆ ಹಾಕಿಕೊಂಡ. ಅದರ ರುಚಿ ಇನ್ನೂ ನೆನಪಿತ್ತು.

ಅರ್ಧ ಬನ್ನಿಗೆ ಒಂದೂವರೆ ಇಂಚು. ಬೇರೆಯವರಾಗಿದ್ದರೆ ಎಲ್ಲೋ ತಪ್ಪಾಗಿದೆ ಎಂದುಕೊಳ್ಳುತ್ತಿದ್ದರು. ದರ್ಜಿ ಹಾಗೆ ಅಂದುಕೊಳ್ಳಲಿಲ್ಲ. ಮಕ್ಕಳ ನಾಯಿಯನ್ನು ಪಣಕ್ಕಿಟ್ಟು ಕದ್ದು ತಿಂದವನಿಗೆ ದೇವರು ಬರೆ ಎಳೆದಿದ್ದಾನೆ, ಅದೂ ಇಂಚಿನ ಲೆಕ್ಕದಲ್ಲಿ, ಎಂದು ಒಪ್ಪಿಕೊಂಡು ಬಾಯಿಗೆ ಬೀಗ ಹಾಕಿಕೊಂಡ. ಮರುದಿನದಿಂದ ಕೆರೆಗೆ ಎರಡು ಸುತ್ತು ಹಾಕಿದ. ಬೇಕರಿ ಬಂದಾಗ ಉಸಿರು ಹಿಡಿದು ದಾಟಿದ. ಈ ನಡುವೆ ಅವನ ಪೈಜಾಮ ಎರಡು ಸಲ ಬೀದಿಯಲ್ಲೇ ಜಾರಿತು. "ಈಗಿನ ಎಲಾಸ್ಟಿಕ್ಕಿಗೆ ಮಾನ ಮರ್ಯಾದೆ ಇಲ್ಲ," ಎಂದು ಗೊಣಗಿ, ಹೊಸ ಎಲಾಸ್ಟಿಕ್ ಹಾಕಿ ಬಿಗಿ ಮಾಡಿಕೊಂಡ. ದರ್ಜಿಗೆ ಬಟ್ಟೆಯ ಮೇಲೆ ಅನುಮಾನ ಬರಬಹುದು, ಟೇಪಿನ ಮೇಲೆ ಎಲ್ಲಿಂದ ಬಂದೀತು? ಅದು ಅವನ ಕಸುಬಿನ ಕಣ್ಣು.

ಸೋಜಿಗವೆಂದರೆ, ಇವನೊಬ್ಬ ಊದುತ್ತಿದ್ದರೆ ಬೀದಿಯವರೆಲ್ಲ ಸೊರಗುತ್ತಿದ್ದರು. ಬ್ಯಾಂಕಿನ ಗುಮಾಸ್ತ ಗುಂಡಿ ಕಾಲರು ತಿಂದ ಅಂಗಿಯ ಬದಲಿಗೆ ಹೊಲಿಸಿದ ಹೊಸ ಅಂಗಿ ಹಾಕಿಕೊಂಡು ಬಂದು, ಹೊಟ್ಟೆಯ ಮುಂದೆ ಬಟ್ಟೆಯನ್ನು ಹಿಡಿದು ಎಳೆದು ತೋರಿಸಿದ: "ನೋಡಿ ಟೈಲರ್, ರಾತ್ರಿ ಊಟ ಬಿಟ್ಟೆ, ಹೇಗಾಗಿದೀನಿ." ಬೇಕರಿಯವನಂತೂ ಹೊಸ ಪ್ಯಾಂಟಿನ ಸೊಂಟದೊಳಗೆ ಕೈಯ ನಾಲ್ಕೂ ಬೆರಳು ತೂರಿಸಿ ಗಿರಾಕಿಗಳಿಗೆಲ್ಲ ಹೇಳಿದ: "ನಾನು ನಡೆಯೋನೂ ಅಲ್ಲ, ಉಪವಾಸ ಮಾಡೋನೂ ಅಲ್ಲ. ನನ್ನ ಬನ್ನು ತಿಂದೇ ಇಳಿದದ್ದು." ಆ ವಾರ ಅವನ ವ್ಯಾಪಾರ ಚೆನ್ನಾಗಿ ಆಯಿತು. ಇವೆಲ್ಲ ಕೇಳಿ ದರ್ಜಿ ನಕ್ಕು ತಲೆಯಾಡಿಸುತ್ತಿದ್ದ. ಒಳಗೊಳಗೆ, ದೇವರು ಎಲ್ಲರಿಗೂ ಕೊಟ್ಟು ನನ್ನೊಬ್ಬನನ್ನೇ ನಿಲ್ಲಿಸಿ ಕೇಳುತ್ತಿದ್ದಾನೆ ಎಂದುಕೊಳ್ಳುತ್ತಿದ್ದ.

ಹೀಗೆ ಕಾಲು ಕಾಲು ಇಂಚು ಇಳಿಯುತ್ತ ಆ ಕೊನೆಯ ಶುಕ್ರವಾರ ಬಂದಿತ್ತು.

ಎಲ್ಲರೂ ಕ್ಯಾಲೆಂಡರಿನ ಕೆಳಗೆ ಸೇರಿದರು. ದರ್ಜಿ ಟೇಪು ಸುತ್ತಿಕೊಂಡು ಕಣ್ಣು ಮುಚ್ಚಿದ. ಉಸಿರು ಒಳಗೆಳೆದುಕೊಳ್ಳಬೇಕೆಂಬ ಆಸೆ ಬಂತು. ಅದು ಮೋಸವೆಂದು ಬಿಟ್ಟ. ಗುಂಡಿ ತನ್ನ ಹಣೆಬರಹ ಅಲ್ಲಿ ನಿರ್ಧಾರವಾಗುತ್ತಿದೆಯೆಂದು ತಿಳಿಯದೆ ಟೇಪಿನ ಜೋತ ತುದಿಯನ್ನು ಹಿಡಿಯಲು ನೆಗೆಯುತ್ತಿತ್ತು.

"ನಲವತ್ತು," ಅಂದಳು ಇನ್‌ಸ್ಪೆಕ್ಟರಮ್ಮ. ಅವಳ ದನಿ ಅಧಿಕಾರಿಯ ದನಿಯಾಗಿ ಉಳಿದಿರಲಿಲ್ಲ.

ಎರಡು ತಿಂಗಳು ನಡೆದು ಹೊರಟ ಜಾಗಕ್ಕೇ ಬಂದು ನಿಂತಿದ್ದ ದರ್ಜಿ.

"ಸಂಜೆ ನಾನೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ," ಅಂದ. ಹೆಂಡತಿ ಗುಂಡಿಯ ತಟ್ಟೆಯನ್ನು ತೆಗೆದುಕೊಂಡು ಹೋಗಿ ತೊಳೆದಳು. ತೊಳೆದದ್ದನ್ನು ಒರೆಸಿ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮತ್ತೆ ತೊಳೆದಳು. ಹಿರಿಯಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಕಿರಿಯಳು ಮಾತ್ರ ಅಪ್ಪನ ಕೊರಳಿನ ಟೇಪನ್ನೇ ನೋಡಿದಳು. ಆಮೇಲೆ ಗುಂಡಿಯನ್ನು ಎತ್ತಿಕೊಂಡು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಕೂತಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹತ್ತು ಗಂಟೆಗೆ ಶಾಲೆಯ ಡ್ರಿಲ್ ಮೇಷ್ಟ್ರು ಕೋಟಿನ ಟ್ರಯಲ್ಲಿಗೆ ಬಂದರು. ಮುಂದಿನ ವಾರ ಅವರ ನಿವೃತ್ತಿಯ ಫೋಟೊ ತೆಗೆಯುವುದಿತ್ತು. ಮೂವತ್ತು ವರ್ಷ ಸೀಟಿ ಊದಿ ಊದಿ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು.

"ಏನಪ್ಪಾ ಟೈಲರೂ, ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?"

"ಏನಿಲ್ಲ ಮೇಷ್ಟ್ರೇ. ಕೈ ಹಿಂದೆ ಮಾಡಿ, ಕೋಟು ಹಾಕ್ತೀನಿ."

ಮೇಷ್ಟ್ರು ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಎದೆಯ ಹತ್ತಿರ ಬಟ್ಟೆ ಸಡಿಲವಾಗಿ ಜೋಲುತ್ತಿತ್ತು. ಅವರಿಗೆ ಖುಷಿಯೇ ಆಯಿತು. "ಈ ಬೀದೀಲಿ ಎಲ್ಲ ಇಳೀತಿದಾರೆ ಅಂತ ಕೇಳಿದ್ದೆ. ಗಾಳೀಲೇ ಏನೋ ಇದೆ ನೋಡು," ಎನ್ನುತ್ತ ಸೆಲ್ಯೂಟ್ ಮಾಡಿ ನೋಡಿಕೊಳ್ಳಲು ಕೈ ಎತ್ತಿದರು. ಹಣೆಗೆ ತಾಗಿದ್ದು ತೋಳು. ಕೈ ಎಲ್ಲಿ ಹೋಯಿತೆಂದು ಮೇಷ್ಟ್ರು ತೋಳಿನೊಳಗೆ ಇಣುಕಿದರು. ಬೆರಳ ತುದಿಗಳಷ್ಟೇ ಹೊರಗಿದ್ದವು.

"ಅಲ್ಲಯ್ಯಾ, ಹೊಟ್ಟೆ ಕರಗುತ್ತೆ, ಒಪ್ಕೊಳ್ಳೋಣ. ಎದೆ ಕರಗುತ್ತೆ, ಅದನ್ನೂ ಒಪ್ಕೊಳ್ಳೋಣ. ಕೈ ಹೇಗೆ ಗಿಡ್ಡ ಆಗುತ್ತೆ?"

ದರ್ಜಿ ತೋಳಿನ ಅಂಚನ್ನು ಹಿಡಿದು ನೋಡಿದ. ಅವನ ಕೈಯಲ್ಲಿ ಇಂಥ ತಪ್ಪು ಎಂದೂ ಆದದ್ದಿಲ್ಲ. ಈ ಸೆಕೆಗಾಲದಲ್ಲಿ ಬಂದ ಗಿರಾಕಿಗಳೆಲ್ಲ ಅರ್ಧ ತೋಳಿನ ಅಂಗಿ ಹೊಲಿಸಿದವರು; ಅರ್ಧ ತೋಳು ಎರಡು ಬೆರಳು ಕೆಳಗೆ ಬಂದರೆ ಯಾರು ಗಮನಿಸುತ್ತಾರೆ? ಪ್ಯಾಂಟಿನ ಉದ್ದವನ್ನು ಹೇಗೂ ಟ್ರಯಲ್ ನೋಡಿ ಆಮೇಲೆ ಮಡಿಚಿ ಹೊಲಿಯುವುದು. ಆ ತಿಂಗಳಲ್ಲಿ ತುಂಬುತೋಳಿನ ಕೆಲಸ ಇದೇ ಮೊದಲನೆಯದು.

ಮೇಷ್ಟ್ರ ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಟೇಪಿನಿಂದ ಅಳೆದ. ಇಪ್ಪತ್ತಾರು. ಅಳತೆಯ ಪುಸ್ತಕ ತೆಗೆದು ನೋಡಿದ. ಇಪ್ಪತ್ತಾರು. ಕೋಟಿನ ತೋಳನ್ನು ಅದೇ ಟೇಪಿನಿಂದ ಅಳೆದ. ಇಪ್ಪತ್ತೆಂಟು.

"ನಾನು ಕತ್ತರಿಸಿದ್ದು ಇಪ್ಪತ್ತಾರೇ ಮೇಷ್ಟ್ರೇ. ದೇವರಾಣೆ."

"ದೇವರನ್ನ ಯಾಕಪ್ಪ ಎಳೀತೀಯ, ಅವನೇನು ಕೋಟು ಹಾಕ್ಕೋತಾನಾ? ಯಾವುದರಲ್ಲಿ ಅಳೆದು ಕತ್ತರಿಸಿದೆ ಹೇಳು."

ಇಲ್ಲಿ ಅವನ ಕಸುಬಿನ ಒಂದು ಪದ್ಧತಿ ಹೇಳಬೇಕು. ಅವನಿಗೆ ಕೆಲಸ ಕಲಿಸಿದ ತಂದೆ, ಬಟ್ಟೆಯ ಟೇಪು ದಿನಾ ಎಳೆದರೆ ಹಿಗ್ಗುತ್ತದೆಂದು ಅದನ್ನು ಮನುಷ್ಯರ ಮೈಗಷ್ಟೇ ಮೀಸಲಿಟ್ಟಿದ್ದರು. ಮೇಜಿನ ಮೇಲೆ ಬಟ್ಟೆಯನ್ನು ಹಾಸಿ ಗುರುತು ಹಾಕುವುದೆಲ್ಲ ಮರದ ಗಜಕಡ್ಡಿಯಲ್ಲಿ. ತಂದೆ ತೀರಿಕೊಂಡು ಹದಿನೈದು ವರ್ಷವಾಗಿದ್ದರೂ ಮಗ ಆ ಪದ್ಧತಿಯನ್ನು ಒಂದು ದಿನವೂ ಮುರಿದಿರಲಿಲ್ಲ.

ದರ್ಜಿ ಗಜಕಡ್ಡಿಯನ್ನು ತಂದು ಕೋಟಿನ ತೋಳಿನ ಮೇಲಿಟ್ಟ. ಇಪ್ಪತ್ತಾರು. ಕಡ್ಡಿಯೊಂದು ಹೇಳುತ್ತದೆ, ಟೇಪೊಂದು ಹೇಳುತ್ತದೆ. ತಂದೆಯ ಕಡ್ಡಿಯನ್ನು ಮೇಜಿನ ಮೇಲಿಟ್ಟು ಅದರ ಪಕ್ಕದಲ್ಲಿ ಟೇಪನ್ನು ತುದಿಗೆ ತುದಿ ಸೇರಿಸಿ ಬಿಡಿಸಿದ. ಕಡ್ಡಿಯಲ್ಲಿ ಒಂದು ಇರುವಲ್ಲಿ ಟೇಪಿನಲ್ಲಿ ಮೂರು ಇತ್ತು.

ಇಪ್ಪತ್ತೆರಡು ವರ್ಷ ಅವನು ಟೇಪಿನ ಆ ತುದಿಯನ್ನು ಹೆಬ್ಬೆರಳಿನ ಕೆಳಗೆ ಒತ್ತಿದವನು. ಅವನ ಕಣ್ಣು ಯಾವಾಗಲೂ ಆಚೆ ತುದಿಯ ಅಂಕಿಯ ಮೇಲೆ. ಶುರುವಾಗುವ ಕಡೆಯನ್ನು ಕೈಗೆ ಬಿಟ್ಟುಬಿಟ್ಟಿದ್ದ. ಈಗ ನಿಧಾನವಾಗಿ ಹಿತ್ತಾಳೆಯ ಟೊಪ್ಪಿಗೆಯನ್ನು ಹಿಡಿದು ಎಳೆದ. ಅದು ಬಹಳ ದಿನದಿಂದ ಸಡಿಲವಾಗಿತ್ತು, ಮಗುವಿನ ತಲೆಯ ಟೊಪ್ಪಿಯಂತೆ ಸಲೀಸಾಗಿ ಬಂತು. ಒಳಗೆ ಟೇಪಿನ ಅಂಚು ಹಲ್ಲು ಹಲ್ಲಾಗಿ, ಮೊಂಡು ಕತ್ತರಿಯಿಂದ ಮೂರ್ನಾಲ್ಕು ಸಲ ಕಚ್ಚಿ ಕಚ್ಚಿ ಕತ್ತರಿಸಿದಂತಿತ್ತು. ಒಂದೂ ಇರಲಿಲ್ಲ, ಎರಡೂ ಇರಲಿಲ್ಲ.

ಮೇಷ್ಟ್ರು ಬಗ್ಗಿ ನೋಡಿದರು. ವಿಷಯ ಅವರಿಗೆ ದರ್ಜಿಗಿಂತ ಮೊದಲೇ ಹೊಳೆಯಿತು. ಕೋಟಿನ ತೋಳನ್ನೇ ಬಾಯಿಗೆ ಒತ್ತಿಕೊಂಡು ನಗತೊಡಗಿದರು.

"ಹಾಗಾದ್ರೆ ಆ ಬೇಕರಿಯೋನು ಬನ್ನು ತಿಂದು ಇಳಿದದ್ದು..."

"ಅವನು ಇಳಿದೇ ಇಲ್ಲ ಮೇಷ್ಟ್ರೇ."

"ಆ ಗುಮಾಸ್ತ ರಾತ್ರಿ ಊಟ ಬಿಟ್ಟು..."

"ಪಾಪ," ಅಂದ ದರ್ಜಿ.

"ಬೀದಿಗೆಲ್ಲ ಎರಡೆರಡು ಇಂಚು ಹಂಚಿದ್ದೀಯಲ್ಲೋ ಮಾರಾಯ. ದಾನಶೂರ ನೀನು."

ಮೇಷ್ಟ್ರು ಕಣ್ಣೊರೆಸಿಕೊಂಡು, ನಾಡಿದ್ದು ಬರುತ್ತೇನೆಂದು ಹೇಳಿ, ಬೀದಿಯುದ್ದಕ್ಕೂ ನಗುತ್ತ ಹೋದರು. ದರ್ಜಿ ಮಾತ್ರ ಟೇಪನ್ನು ಹಿಡಿದು ನಿಂತೇ ಇದ್ದ. ಬೇರೊಂದು ಲೆಕ್ಕ ಅವನ ಎದೆಯಲ್ಲಿ ಮೆಲ್ಲಗೆ ಏಳುತ್ತಿತ್ತು. ಗಿರಾಕಿಗಳಿಗೆ ಎರಡಿಂಚು ಜಾಸ್ತಿ ತೋರಿಸಿದ ಟೇಪು ತನಗೆ ಮಾತ್ರ ನಿಜ ಹೇಳಿರುತ್ತದೆಯೇ? ಪೈಜಾಮ ಜಾರಿದ್ದು ನೆನಪಾಯಿತು. ಎಲಾಸ್ಟಿಕ್ಕನ್ನು ಬೈದದ್ದೂ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಆದರೆ ಕತ್ತರಿಸಿದ್ದು ಯಾರು? ಗುಂಡಿಯ ಮೇಲೆ ಮೊದಲು ಅನುಮಾನ ಬಂತು. ಅಗಿಯುವ ನಾಯಿ ಅಗಿಯಬಹುದು, ಟೊಪ್ಪಿಗೆಯನ್ನು ತಿರುಗಿ ಹಾಕಲಾರದು. ಇನ್‌ಸ್ಪೆಕ್ಟರಮ್ಮ ಸರಕಾರಿ ಆಸ್ತಿಯನ್ನು ಮುಟ್ಟುವವಳಲ್ಲ. ದರ್ಜಿ ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿದ. ಎರಡು ತಿಂಗಳ ಹಿಂದೆ ಹೀಗೆ ಬಗ್ಗಿದ್ದರೆ ಏಳಲು ಯಾರನ್ನಾದರೂ ಕೂಗಬೇಕಾಗುತ್ತಿತ್ತು.

ಬಣ್ಣ ಬಣ್ಣದ ಚೂರುಗಳ ನಡುವೆ ಕಿರಿಯಳು ಗುಂಡಿಯನ್ನು ತಬ್ಬಿಕೊಂಡು ಕೂತಿದ್ದಳು.

"ಏನಮ್ಮಾ ಮಾಡ್ತಿದೀಯ?"

"ಗುಂಡಿಗೆ ಹೇಳ್ತಾ ಇದೀನಿ."

"ಏನಂತ?"

"ಹಾಲಿನಂಗಡೀಲಿ ಒಂದು ಬೆಕ್ಕಿದೆ, ಅದರ ತಂಟೆಗೆ ಹೋಗ್ಬೇಡ ಅಂತ."

ದರ್ಜಿ ಟೇಪಿನ ಬೋಳು ತುದಿಯನ್ನು ಮುಂದೆ ಹಿಡಿದ. "ಇದನ್ನ ಯಾರು ಕತ್ತರಿಸಿದ್ದು ಗೊತ್ತಾ?"

"ನಾನೇ."

ಇಷ್ಟು ಸರಳವಾದ ಉತ್ತರಕ್ಕೆ ಅವನು ತಯಾರಾಗಿರಲಿಲ್ಲ.

"ಯಾಕಮ್ಮ?"

"ಡಾಕ್ಟರಮ್ಮ ಹೇಳಿದ್ರಲ್ಲ, ಎರಡಿಂಚು ತೆಗೀರಿ ಅಂತ. ನೀನು ತೆಗೀಲೇ ಇಲ್ಲ. ಬರೀ ನಡೀತಾನೇ ಇದ್ದೆ. ಅದಕ್ಕೇ ನೀನು ಮಲಗಿದ್ದಾಗ ನಾನು ತೆಗ್ದೆ. ಒಂದು, ಎರಡು, ಸರಿಯಾಗಿ ಎರಡೇ."

"ಮತ್ತೆ ಟೊಪ್ಪಿ ಯಾಕೆ ಹಾಕಿದೆ?"

"ಟೊಪ್ಪಿ ಎರಡಿಂಚಿನಲ್ಲಿ ಬರಲ್ಲ ಅಲ್ವಾ. ಅದು ನಿಂದು."

ದರ್ಜಿಯ ಮಗಳಲ್ಲವೆ, ಬೇಕಾದ್ದಕ್ಕಿಂತ ಒಂದೆಳೆಯನ್ನೂ ಹೆಚ್ಚು ತೆಗೆದಿರಲಿಲ್ಲ.

"ಆ ತುಂಡು ಎಲ್ಲಿದೆ ಈಗ?"

"ದೇವರಿಗೆ ಕೊಟ್ಟೆ. ಇದು ನಮ್ಮಪ್ಪನ ಎರಡಿಂಚು, ನೀನೇ ಇಟ್ಕೋ, ವಾಪಸ್ ಕೊಡ್ಬೇಡ ಅಂದೆ. ಆದ್ರೆ ಆಮೇಲೆ ಜಾಸ್ತಿ ಆಯ್ತು. ಯಾಕಪ್ಪಾ?"

ದರ್ಜಿಗೆ ನಗು ಬಂತು, ಅದರ ಹಿಂದೆಯೇ ಇನ್ನೇನೋ ಬಂತು. ಎರಡನ್ನೂ ನುಂಗಿಕೊಂಡ. "ಅದನ್ನೊಂದು ಸಲ ತಂದು ಕೊಡ್ತೀಯಾ? ಅಂಟಿಸಿಕೊಳ್ತೀನಿ. ಮೂವತ್ತು ವರ್ಷದ ಟೇಪು, ನಿಮ್ಮ ತಾತಂದು."

ಅವಳು ಗುಂಡಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ಕೊಟ್ಟಿದ್ದನ್ನ ಹೇಗೆ ವಾಪಸ್ ಕೇಳೋದು? ದೇವರು ಬೇಜಾರಾಗಿ, ತಗೊಳ್ಳಪ್ಪಾ ನಿನ್ನ ಎರಡಿಂಚು ಅಂತ ನಿನ್ನ ಹೊಟ್ಟೆಗೇ ಹಾಕಿಬಿಟ್ರೆ?"

ಪೇಟೆಗೆ ಹೋಗಿ ಹೊಸ ಟೇಪು ಕೊಳ್ಳುವಷ್ಟು ತಾಳ್ಮೆ ದರ್ಜಿಗೆ ಇರಲಿಲ್ಲ. ಎದ್ದು, ರೀಲಿನಿಂದ ಗಟ್ಟಿ ದಾರ ಬಿಚ್ಚಿ, ಹೆಂಡತಿಯನ್ನೂ ಹಿರಿಯಳನ್ನೂ ಕೂಗಿದ. ನಡೆದದ್ದನ್ನೆಲ್ಲ ಹೇಳಿ, ದಾರವನ್ನು ಹೆಂಡತಿಯ ಕೈಗೇ ಕೊಟ್ಟ.

"ನೀನೇ ಅಳೆ. ನನ್ನ ಕೈಯನ್ನ ಇವತ್ತು ನಾನೇ ನಂಬಲ್ಲ."

ಹೆಂಡತಿ ಅವನ ಸೊಂಟಕ್ಕೆ ದಾರ ಸುತ್ತಿ, ಸೇರಿದ ಕಡೆ ಹಲ್ಲಿನಿಂದ ಕಡಿದಳು. ದಾರವನ್ನು ಗಜಕಡ್ಡಿಯ ಮೇಲೆ ಹಾಸಿದರು. ಇನ್‌ಸ್ಪೆಕ್ಟರಮ್ಮ ಊದಿದ ಕಣ್ಣುಗಳನ್ನು ಕಡ್ಡಿಗೆ ಅಂಟಿಸಿದಳು. ಕಡ್ಡಿ ಮೂವತ್ತಾರಕ್ಕೆ ಮುಗಿಯುತ್ತದೆ. ಅದನ್ನು ದಾಟಿ ದಾರ ಉಳಿಯಿತು. ಉಳಿದದ್ದನ್ನು ಮತ್ತೆ ಕಡ್ಡಿಯ ಮೊದಲಿಗೆ ತಂದಿಟ್ಟರು.

"ಎರಡು," ಅಂದಳು. "ಮೂವತ್ತಾರೂ ಎರಡೂ ಮೂವತ್ತೆಂಟು. ಅಮ್ಮ, ಮೂವತ್ತೆಂಟು."

ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿದಳು. ಕನ್ನಡಕ ತೆಗೆದೂ ನೋಡಿದಳು. ಕಿರಿಯಳು ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ಹಾಗಾದ್ರೆ ದೇವರು ತಗೊಂಡಿದಾನೆ," ಎಂದು ಶಾಂತವಾಗಿ ಹೇಳಿದಳು.

ಅಲ್ಲಿಗೆ ಎಲ್ಲ ಮುಗಿಯಬಹುದಾಗಿತ್ತು. ಆದರೆ ದರ್ಜಿಯ ಮನಸ್ಸು ಒಪ್ಪಲಿಲ್ಲ. ಟೇಪಿನ ತಪ್ಪು ಟೇಪಿಗೆ, ಬನ್ನಿನ ತಪ್ಪು ತನಗೆ. ಒಂದರ ಸೆರಗಿನಲ್ಲಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಮಕ್ಕಳು ಗುಂಡಿಯನ್ನು ಎತ್ತಿ ಕುಣಿಸುತ್ತಿರುವಾಗ ಹೆಂಡತಿಯ ಹತ್ತಿರ ಹೋದ.

"ಒಂದು ಮಾತಿತ್ತು ಕಣೇ."

"ಬನ್ನಿನ ವಿಷಯಾನಾ?"

ದರ್ಜಿ ಬೆಪ್ಪಾದ. "ನಿಂಗೆ ಹೇಗೆ ಗೊತ್ತು?"

"ಆವತ್ತು ನಾಯಿ ಮೀಸೆ ಮೇಲೆ ಕ್ರೀಮಿತ್ತು. ನಿಮ್ಮ ಮೀಸೆ ಮೇಲೂ ಇತ್ತು. ನಾಯಿಯಾದ್ರೂ ನೆಕ್ಕಿಕೊಳ್ತು."

"ಮತ್ತೆ ಒಂದು ತಿಂಗಳಿಂದ ಯಾಕೆ ಸುಮ್ನಿದ್ದೆ?"

"ನೀವಾಗಿ ಹೇಳ್ತೀರಾ ನೋಡೋಣ ಅಂತ," ಎಂದು ಅವಳು ಗುಂಡಿಯ ತಟ್ಟೆಯನ್ನು ನೆಲದ ಮೇಲೆ ಮೊದಲಿದ್ದ ಕಡೆಯೇ ಇಟ್ಟಳು. ತೊಳೆದು ತೊಳೆದು ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಕೂದಲು ಮಾತ್ರ ಇನ್ಮೇಲೆ ನೀವೇ ಗುಡಿಸಿ. ಬಗ್ಗೋಕೆ ಬರುತ್ತಲ್ಲ ಈಗ."

ಮಧ್ಯಾಹ್ನವೆಲ್ಲ ದರ್ಜಿ ದಾರದಲ್ಲಿ ಗಂಟು ಹಾಕಿ ಹಾಕಿ ಅಳೆಯುತ್ತ ಮೇಷ್ಟ್ರ ಕೋಟಿನ ತೋಳು ಬಿಚ್ಚಿದ. ಗುಮಾಸ್ತನಿಗೆ ಹೇಳಿ ಕಳಿಸಿದ, ರಾತ್ರಿ ಊಟ ಮಾಡಿರಿ, ಅಂಗಿ ತಂದು ಕೊಡಿರಿ ಎಂದು. ಬೇಕರಿಯವನ ಹತ್ತಿರ ತಾನೇ ಹೋದ. ಬೇಕರಿಯವನು ಪೂರ್ತಿ ಕೇಳಿಸಿಕೊಂಡು, ಆಚೀಚೆ ನೋಡಿ, ದನಿ ತಗ್ಗಿಸಿದ.

"ಪ್ಯಾಂಟು ಹಾಗೇ ಇರ್ಲಿ ಟೈಲರ್. ಬೆಲ್ಟ್ ಹಾಕ್ಕೋತೀನಿ. ನೀವು ಮಾತ್ರ ಯಾರ ಹತ್ರಾನೂ ಬಾಯಿ ಬಿಡ್ಬೇಡಿ."

"ಡ್ರಿಲ್ ಮೇಷ್ಟ್ರಿಗೆ ಗೊತ್ತಾಗಿದೆಯಲ್ಲ."

"ಹಾಗಾದ್ರೆ ಮುಗೀತು," ಅಂದ ಬೇಕರಿಯವನು.

ಕಿರಿಯಳು ಮೇಜಿನ ಪಕ್ಕದಲ್ಲಿ ನಿಂತು ಅಪ್ಪ ದಾರಕ್ಕೆ ಗಂಟು ಹಾಕುವುದನ್ನೂ, ಗಂಟು ತಪ್ಪಿದರೆ ಬಿಚ್ಚುವುದನ್ನೂ, ಕೊರಳಿಗೆ ಕೈ ಹಾಕಿ ಅಲ್ಲಿ ಟೇಪು ಇಲ್ಲವೆಂದು ನೆನಪಾಗಿ ಕೈ ಇಳಿಸುವುದನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಎಲ್ಲಿಗೋ ಹೋದಳು.

ಸಂಜೆ ದೀಪ ಹಚ್ಚಲು ದರ್ಜಿ ದೇವರ ಗೂಡಿನ ಮುಂದೆ ನಿಂತ. ಗೂಡಿನ ಮೂಲೆಯಲ್ಲಿ ಒಂದು ದೊಡ್ಡ ಕೆಂಪು ಗುಂಡಿ ಇತ್ತು, ಬೆಳಕಿಗೆ ಹಿಡಿದರೆ ಮಿಂಚುವ ಬಗೆಯದು. ಕಿರಿಯಳ ಡಬ್ಬಿಯಲ್ಲಿ ಅಂಥದ್ದು ಒಂದೇ ಇತ್ತು. ಅದನ್ನು ಅಕ್ಕನಿಗೂ ಮುಟ್ಟಗೊಡುತ್ತಿರಲಿಲ್ಲ. ಅವಳು ದೇವರೊಂದಿಗೆ ಏನು ಮಾತಾಡಿ, ಹೇಗೆ ಒಪ್ಪಿಸಿದಳೋ ಅವನು ಕೇಳಲಿಲ್ಲ. ದೀಪ ಹಚ್ಚಿ, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಕೈ ಮುಗಿದ.

ಹಾಲಿನಂಗಡಿಗೆ ಹೋಗಬೇಕಾಗಿದ್ದ ಹೊತ್ತಿಗೆ ಅವರು ಕೆರೆಯ ಕಡೆ ಹೊರಟರು. ಹಿರಿಯಳು ಗುಂಡಿಯ ಹಗ್ಗ ಹಿಡಿದು ಮುಂದೆ ಓಡಿದಳು. ತಂಪು ಗಾಳಿ ಇನ್ನೂ ಬೀಸುತ್ತಿತ್ತು. ಬೇಕರಿ ದಾಟುವಾಗ ದರ್ಜಿ ಅಭ್ಯಾಸದಂತೆ ಉಸಿರು ಹಿಡಿದ. ಅದು ದಾಟಿ ನಾಲ್ಕು ಹೆಜ್ಜೆ ಹೋದ ಮೇಲೆ, ಪಕ್ಕದಲ್ಲಿ ನಡೆಯುತ್ತಿದ್ದ ಕಿರಿಯಳ ಬೆವೆತ ಪುಟ್ಟ ಕೈ ಅವನ ಅಂಗೈಯೊಳಗೆ ಬಂತು, ಏನನ್ನೋ ಇಟ್ಟಿತು, ಹಾಗೇ ಹಿಂದೆ ಸರಿಯಿತು. ಅವನು ಬಗ್ಗಿ ನೋಡಲಿಲ್ಲ. ಬೆರಳಿನಿಂದ ಸವರಿದ. ಎರಡಿಂಚಿನ ಒಂದು ತುಂಡು; ಒಂದು ತುದಿ ಹಲ್ಲು ಹಲ್ಲಾಗಿತ್ತು, ಇನ್ನೊಂದು ತುದಿ ಹಳತಾಗಿ ನುಣುಪಾಗಿತ್ತು. ಅವಳು ಅವನ ಕಡೆ ನೋಡದೆ ಮುಂದಿದ್ದ ನಾಯಿಯನ್ನೇ ನೋಡುತ್ತ ನಡೆಯುತ್ತಿದ್ದಳು. ದರ್ಜಿ ಮೆಲ್ಲಗೆ ಮುಷ್ಟಿ ಮಡಚಿಕೊಂಡ.